ಆಪರೇಷನ್ನಿಗೆ ಮುಂಚಿನ ಆರು ವಾರ

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾನೆ, ಇರುವುದು ಡೊಂಬಿವಲಿಯಲ್ಲಿ ನಮ್ಮ ಜೊತೆ. ನಾಲ್ಕು ವರ್ಷದ ಹಿಂದೆ ಹೊಟ್ಟೆನೋವು, ಭೇದಿ ಶುರುವಾಯಿತು. ಮೊದಲು ಕರುಳಿನ ಟಿಬಿ ಎಂದು ಮಾತ್ರೆ ಕೊಟ್ಟರು, ಆಮೇಲೆ ಕ್ರೋನ್ಸ್ (ಕರುಳಿನಲ್ಲಿ ಬಹುಕಾಲ ಉರಿಯೂತ ಮಾಡುವ ಕಾಯಿಲೆ) ಎಂದರು. ಈಗ ಮೂರು ತಿಂಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ದಿನಕ್ಕೆ 30 ಮಿಲಿಗ್ರಾಂ ನಡೆಯುತ್ತಿದೆ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ಇಳಿಸುವ ಔಷಧಿಯ ಡ್ರಿಪ್ ಕೂಡ ಹಾಕುತ್ತಿದ್ದರು. 60 ಕೆಜಿ ಇದ್ದವನು 48ಕ್ಕೆ ಇಳಿದಿದ್ದಾನೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ 2.6ಕ್ಕೆ ಇಳಿದಿದೆ. ಸಿಟಿ ಸ್ಕ್ಯಾನಿನಲ್ಲಿ ಸಣ್ಣ ಕರುಳಿನ ಕೊನೆ ತುಂಬಾ ಸಪೂರವಾಗಿದೆ, ಪಕ್ಕದಲ್ಲಿ 4 ಸೆಂಟಿಮೀಟರ್ ಕೀವು ಕಟ್ಟಿದೆ ಎಂದು ಬಂತು. ಕೀವಿಗೆ ಪೈಪ್ ಹಾಕಿದ್ದಾರೆ. ಆಪರೇಷನ್ ಬೇಕೇ ಬೇಕು, ಆದರೆ ಐದಾರು ವಾರ ಬಿಟ್ಟು ಎನ್ನುತ್ತಾರೆ. ಮಲ ಬಂದು ಸೇರಲು ಹೊಟ್ಟೆಯ ಮೇಲೆ ಚೀಲವೂ ಬರಬಹುದಂತೆ. ಮಾಡಲೇಬೇಕು ಎಂದಮೇಲೆ ಈಗಲೇ ಯಾಕೆ ಮಾಡುವುದಿಲ್ಲ? ಈ ಎರಡು ಔಷಧಿ ತೆಗೆದುಕೊಂಡವರಿಗೆ ಆಪರೇಷನ್ ಆದ ಮೇಲೆ ನಂಜಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಮಾತ್ರೆ ನಿಲ್ಲಿಸಿಬಿಡಲೇ? ಮನೆಗೆ ಬಂದ ಮೇಲೆ ನಂಜಾದರೆ ನಮಗೆ ಗೊತ್ತಾಗುವುದು ಹೇಗೆ? ಕುಂದಾಪುರದಲ್ಲಿರುವ ಅಮ್ಮ ಚೌತಿಗೆ ಅವನನ್ನು ಕರೆದುಕೊಂಡು ಬಾ ಎನ್ನುತ್ತಿದ್ದಾರೆ, ಅದು ಆಗುತ್ತದಾ?

— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಮಾತ್ರೆ ನಿಲ್ಲಿಸಬೇಡಿ. ನಾಳೆ ಬೆಳಗ್ಗೆ ತಿಂಡಿ ಆದ ಮೇಲೆ ಎಂದಿನ ಹಾಗೆ ಕೊಡಿ. ಉಳಿದದ್ದು ಆಮೇಲೆ ಮಾತಾಡೋಣ.

ನಮ್ಮ ದೇಹ ತಾನೇ ದಿನವೂ ಸ್ವಲ್ಪ ಸ್ಟಿರಾಯ್ಡ್ ತಯಾರಿಸುತ್ತದೆ. ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ಸುಮಾರು 5 ಮಿಲಿಗ್ರಾಂನಷ್ಟು. ಮೂರು ತಿಂಗಳು ಹೊರಗಿನಿಂದ 30 ಕೊಟ್ಟರೆ, ಅದನ್ನು ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟು ಕೂತುಬಿಡುತ್ತದೆ. ಅಂಥ ಹೊತ್ತಿನಲ್ಲಿ ಮಾತ್ರೆಯನ್ನೂ ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿಯುತ್ತದೆ, ವಾಂತಿ, ಸುಸ್ತು, ಕೆಲವೊಮ್ಮೆ ಜೀವಕ್ಕೇ ಅಪಾಯ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ಹೀಗೇ ಮಾಡಿಕೊಂಡಿದ್ದ. "ಆಪರೇಷನ್ ಹತ್ತಿರ ಬಂತಲ್ಲ, ಗಾಯ ಬೇಗ ಮಾಯಲಿ" ಎಂದು ನಾಲ್ಕು ದಿನ ಮಾತ್ರೆ ಬಿಟ್ಟಿದ್ದ. ಐದನೇ ದಿನ ಗಾಲಿಕುರ್ಚಿಯಲ್ಲಿ ಬಂದ. ಮೇಲಿನ ಬಿಪಿ 80. ಆಪರೇಷನ್ ಎರಡು ವಾರ ಮುಂದೆ ಹೋಯಿತು.

ಸ್ಟಿರಾಯ್ಡ್ ಗಾಯಕ್ಕೆ ಒಳ್ಳೆಯದಲ್ಲ ಎಂಬ ಮಾತು ಸುಳ್ಳಲ್ಲ. ಹೊಸ ಮಾಂಸ ಬೆಳೆಯುವುದನ್ನು ಅದು ನಿಧಾನ ಮಾಡುತ್ತದೆ. ರೋಗಾಣುಗಳ ಜೊತೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ಅದಕ್ಕೇ ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ. ಆಪರೇಷನ್ ದಿನ ಬರುವಷ್ಟರಲ್ಲಿ 20 ಮಿಲಿಗ್ರಾಂಗಿಂತ ಕೆಳಗೆ, ಸಾಧ್ಯವಾದರೆ ಇನ್ನೂ ಕೆಳಗೆ ಬರಬೇಕು. ಪೂರ್ತಿ ಬಿಡಲು ಆಗದಿದ್ದರೂ ಪರವಾಗಿಲ್ಲ. ಆಪರೇಷನ್ ಹೊತ್ತಿಗೆ ಅರಿವಳಿಕೆ ಡಾಕ್ಟರು ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ನಿಭಾಯಿಸುತ್ತಾರೆ. ಅವರಿಗೆ ಮಾತ್ರೆಯ ಡೋಸ್ ಸರಿಯಾಗಿ ಹೇಳಿ, ಅಷ್ಟು ಸಾಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಈಗಲೇ ಯಾಕೆ ಬೇಡ?

ಆಪರೇಷನ್ ಆದ ಮೇಲೆ ಕೀವಾಯಿತು ಎಂದ ಕೂಡಲೇ ನಮ್ಮವರು ವಾರ್ಡಿನ ಫ್ಯಾನಿನ ಧೂಳು ನೋಡುತ್ತಾರೆ, ನೋಡಲು ಬಂದ ನೆಂಟರನ್ನು ಬೈಯುತ್ತಾರೆ. ಸ್ವಚ್ಛತೆ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಕರುಳಿನ ಆಪರೇಷನ್ನಿನಲ್ಲಿ ನಂಜು ಮಾಡುವ ರೋಗಾಣುಗಳು ಹೆಚ್ಚಾಗಿ ಬರುವುದು ರೋಗಿಯ ಕರುಳಿನಿಂದಲೇ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವ ಕೊಳವೆಯನ್ನು ಕತ್ತರಿಸಿ, ಕೆಟ್ಟ ಭಾಗ ತೆಗೆದು, ಎರಡು ತುದಿ ಸೇರಿಸಿ ಹೊಲಿಯುತ್ತೇವೆ. ಚರ್ಮದ ಕೆಳಗೆ ಕೀವಾದರೆ ಎರಡು ಹೊಲಿಗೆ ಬಿಚ್ಚಿ ಡ್ರೆಸ್ಸಿಂಗ್ ಮಾಡಿದರೆ ಮುಗಿಯಿತು. ಒಳಗೆ ಕರುಳು ಸೇರಿಸಿದ ಜಾಗವೇ ಸೋರಿದರೆ ಅದು ಬೇರೆಯೇ ಕತೆ. ನಾವು ಹೆದರುವುದು ಅದಕ್ಕೆ.

ಆರೋಗ್ಯದ ಕರುಳು ಕೈಯಲ್ಲಿ ಹಿಡಿದರೆ ಒದ್ದೆ ರೇಷ್ಮೆಯ ಹಾಗೆ ಜಾರುತ್ತದೆ. ಕ್ರೋನ್ಸ್ ಬಂದ ಕರುಳು ತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ ದಪ್ಪ, ಬಿರುಸು. ಮೇಲೆ ಕೊಬ್ಬು ತೆವಳಿಕೊಂಡು ಬಂದಿರುತ್ತದೆ. ಪಕ್ಕದಲ್ಲಿ ಕೀವು ಬೇರೆ ಇದ್ದರೆ ಒಳ್ಳೆಯ ಕರುಳೂ ಊದಿಕೊಂಡು, ಒಂದಕ್ಕೊಂದು ಅಂಟಿ, ಮುಟ್ಟಿದಲ್ಲೆಲ್ಲ ರಕ್ತ ಜಿನುಗುತ್ತದೆ. ಅದಕ್ಕೆ ಹೊಲಿಗೆ ಹಾಕುವುದೆಂದರೆ ನೆನೆದ ಹಪ್ಪಳಕ್ಕೆ ಸೂಜಿ ಚುಚ್ಚಿದ ಹಾಗೆ. ಗಂಟು ಬಿಗಿದರೆ ದಾರವೇ ಮಾಂಸವನ್ನು ಕುಯ್ದುಕೊಂಡು ಬರುತ್ತದೆ. ಅದೇ ಕರುಳನ್ನು ಕೀವು ತೆಗೆದು, ಊತ ಇಳಿಸಿ, ಆರು ವಾರ ಬಿಟ್ಟು ನೋಡಿದರೆ ಗುರುತೇ ಸಿಗುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ತಪ್ಪು ಮಾಡಿ ಕಲಿತದ್ದೇ ಜಾಸ್ತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮನೆಯವರ ಒತ್ತಾಯಕ್ಕೆ ಮಣಿದು, ಆಲ್ಬುಮಿನ್ 2.1 ಇದ್ದ ಒಬ್ಬರಿಗೆ ಅವಸರದಲ್ಲಿ ಆಪರೇಷನ್ ಮಾಡಿದೆ. ಚೀಲವನ್ನೂ ಇಡಲಿಲ್ಲ. ಆರನೇ ದಿನ ಸೋರಿತು. ಮತ್ತೆ ಹೊಟ್ಟೆ ತೆರೆಯಬೇಕಾಯಿತು, ಏಳು ವಾರ ಆಸ್ಪತ್ರೆಯಲ್ಲಿ ಉಳಿದರು. ಉಳಿಸಲು ಹೊರಟಿದ್ದ ಆರು ವಾರಕ್ಕೆ ಅಲ್ಲಿ ಏಳು ವಾರ ಹೋಯಿತು.

2000ರಲ್ಲಿ ಬ್ರಿಟನ್ನಿನಿಂದ ಒಂದು ಅಧ್ಯಯನ ಬಂತು. ಕ್ರೋನ್ಸ್ ಆಪರೇಷನ್ ಆದ ಮೇಲೆ ಹೊಟ್ಟೆಯ ಒಳಗೆ ನಂಜಾಗುವುದು ಯಾರಿಗೆ ಎಂದು ನೋಡಿದ್ದರು. ನಾಲ್ಕು ವಿಷಯ ಎದ್ದು ಕಂಡವು: ಆಲ್ಬುಮಿನ್ 3ಕ್ಕಿಂತ ಕಡಿಮೆ ಇರುವುದು, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವುದು, ಮೊದಲೇ ಕೀವು ಕಟ್ಟಿರುವುದು, ಕರುಳಿನಿಂದ ಬೇರೆ ಕಡೆಗೆ ದಾರಿ ಕೊರೆದ ಫಿಸ್ಟುಲಾ. ನಾಲ್ಕೂ ಇಲ್ಲದವರಲ್ಲಿ ನೂರಕ್ಕೆ 5 ಜನರಿಗೆ ತೊಂದರೆ ಆಗಿತ್ತು. ನಾಲ್ಕೂ ಇದ್ದವರಲ್ಲಿ ಅರ್ಧದಷ್ಟು ಜನರಿಗೆ. ಹಳೆಯ ಲೆಕ್ಕ, ಈಗ ಆಪರೇಷನ್ ವಿಧಾನ ಸುಧಾರಿಸಿದೆ. ಆದರೂ ನಿಮ್ಮ ತಮ್ಮನ ಕಾಗದ ನೋಡಿದರೆ ಮೂರು ಎದುರಿಗೇ ಇವೆ. ಈ ಮೂರೂ ಬದಲಾಯಿಸಲು ಆಗುವಂಥವು, ಅದು ಸಮಾಧಾನದ ವಿಷಯ. ಡಾಕ್ಟರು ಕೇಳುತ್ತಿರುವುದು ಅದಕ್ಕೆ ಬೇಕಾದ ಸಮಯವನ್ನು.

ಕೀವಿಗೆ ಹಾಕಿದ ಪೈಪಿನಿಂದ ಶುರು ಮಾಡೋಣ. ಅದರ ತುದಿ ಹಂದಿಯ ಬಾಲದ ಹಾಗೆ ಸುರುಳಿ ಇರುತ್ತದೆ, ಜಾರಿ ಬರದಿರಲಿ ಎಂದು. ಆಸ್ಪತ್ರೆಯಲ್ಲಿ ಪಿಗ್‌ಟೇಲ್ ಎನ್ನುತ್ತಾರೆ. ಒಂದು ನೋಟ್‌ಬುಕ್ ಇಡಿ. ದಿನವೂ ಒಂದೇ ಹೊತ್ತಿಗೆ ಎಷ್ಟು ಮಿಲಿಲೀಟರ್ ಬಂತು, ಬಣ್ಣ ಏನು ಎಂದು ಬರೆಯಿರಿ. ದಿನಕ್ಕೆ 10-20 ಮಿಲಿಲೀಟರಿಗಿಂತ ಕಡಿಮೆಯಾಗಿ, ಸ್ಕ್ಯಾನಿನಲ್ಲೂ ಕೀವು ಬತ್ತಿದೆ ಎಂದಾದರೆ ತೆಗೆಯುವ ಮಾತು ಬರುತ್ತದೆ. ಕೆಲವೊಮ್ಮೆ ಆಪರೇಷನ್ ತನಕ ಇರಲಿ ಎಂದು ಬಿಡುತ್ತಾರೆ. ಬರುವುದು ಹಳದಿ-ಹಸಿರಾಗಿ ಮಲದ ವಾಸನೆ ಬಂದರೆ ಅವತ್ತೇ ತಿಳಿಸಿ. ಕರುಳಿನ ಜೊತೆ ದಾರಿ ಇದೆ ಎಂದು ಅರ್ಥ.

ಎರಡನೆಯದು ಊಟ. ನನ್ನ ಲೆಕ್ಕದಲ್ಲಿ ಆರು ವಾರದ ಅರ್ಧ ಕೆಲಸ ಇದೇ, ಮನೆಯವರ ಕೈಯಲ್ಲಿ ಇರುವುದೂ ಇದೇ. 60 ಕೆಜಿಯಲ್ಲಿ 12 ಕೆಜಿ ಹೋಗಿದೆ ಎಂದರೆ ಐದರಲ್ಲಿ ಒಂದು ಪಾಲು ಮನುಷ್ಯ ಹೋದ ಹಾಗೆ. ನಮ್ಮ ಕಡೆ ಹುಷಾರಿಲ್ಲ ಎಂದರೆ ಮೊದಲು ಬರುವುದು ಗಂಜಿ, ಉಪ್ಪಿನಕಾಯಿ. ಗಂಜಿ ಹೊಟ್ಟೆಗೆ ಹಿತ. ಆದರೆ ಒಂದು ಬಟ್ಟಲು ಅಕ್ಕಿ ಗಂಜಿಯಲ್ಲಿ ಪ್ರೋಟೀನ್ ಎರಡು-ಮೂರು ಗ್ರಾಂ ಇದ್ದರೆ ಹೆಚ್ಚು. ನಿಮ್ಮ ತಮ್ಮನಿಗೆ ಬೇಕಾದದ್ದು ಕೆಜಿಗೆ 1.2ರಿಂದ 1.5 ಗ್ರಾಂ, ಅಂದರೆ ದಿನಕ್ಕೆ 58ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮೊಟ್ಟೆಯಿಂದಲೇ ತುಂಬಿಸುವುದಾದರೆ ದಿನಕ್ಕೆ ಹತ್ತು-ಹನ್ನೆರಡು ಬೇಕು.

ಸಪೂರಾದ ಕರುಳಿನಲ್ಲಿ ಅಷ್ಟು ಗಟ್ಟಿ ಆಹಾರ ದಾಟುವುದಿಲ್ಲ. ಅದಕ್ಕೇ ನಾಲ್ಕರಿಂದ ಆರು ವಾರ ಬರೀ ದ್ರವ ಆಹಾರ ಕೊಡುವ ಪದ್ಧತಿ ಇದೆ. ಕ್ಯಾಲೊರಿ, ಪ್ರೋಟೀನ್, ವಿಟಮಿನ್ ಎಲ್ಲ ಸೇರಿದ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುವುದು. ಇದರಿಂದ ತೂಕ ಏರುವುದರ ಜೊತೆಗೆ ಕರುಳಿನ ಉರಿಯೂತವೂ ಇಳಿಯುತ್ತದೆ, ಸ್ಟಿರಾಯ್ಡ್ ಇಳಿಸುವುದು ಸುಲಭವಾಗುತ್ತದೆ. ಕಷ್ಟ ಇರುವುದು ಬಾಯಿಗೆ. ದಿನವಿಡೀ ಬಿರಿಯಾನಿ, ಸಾಂಬಾರಿನ ಘಮದಲ್ಲಿ ಇದ್ದ ಹೋಟೆಲ್ ಹುಡುಗನಿಗೆ ವೆನಿಲಾ ವಾಸನೆಯ ಹಿಟ್ಟಿನ ನೀರು! ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಸಣ್ಣ ಲೋಟದಲ್ಲಿ, ಗಂಟೆಗೊಮ್ಮೆ ಕೊಡಿ. ಸ್ಟ್ರಾ ಹಾಕಿದರೆ ನಾಲಿಗೆಗೆ ರುಚಿ ತಾಗುವುದು ಕಡಿಮೆ. ಇಷ್ಟು ಸೊರಗಿದವರಿಗೆ ಮೊದಲ ದಿನವೇ ಪೂರ್ತಿ ಪ್ರಮಾಣ ಕೊಡಬಾರದು. ಫಾಸ್ಫೇಟ್, ಪೊಟ್ಯಾಸಿಯಂ ಥಟ್ಟನೆ ಇಳಿದು ಹೃದಯಕ್ಕೆ ತೊಂದರೆ ಆಗಬಹುದು. ಡಯಟಿಷಿಯನ್ ಹೇಳಿದ ಹಾಗೆ ಏರಿಸುತ್ತಾ ಹೋಗಿ, ರಕ್ತ ಪರೀಕ್ಷೆ ಮಾಡಿಸುತ್ತಾ ಇರಿ.

"ಆಲ್ಬುಮಿನ್ ಬಾಟಲಿ ಹಾಕಿಸಿದರೆ ಆಗಲ್ವಾ ಡಾಕ್ಟ್ರೇ?" ಎಂದು ಬಹಳ ಜನ ಕೇಳುತ್ತಾರೆ. ಒಂದೊಂದು ಬಾಟಲಿಗೆ ಸಾವಿರಾರು ರೂಪಾಯಿ. ಹಾಕಿದರೆ ರಿಪೋರ್ಟಿನ ಅಂಕಿ ಎರಡು ದಿನ ಚೆಂದ ಕಾಣುತ್ತದೆ, ಆಮೇಲೆ ಮತ್ತೆ ಅಷ್ಟೇ. ಆಲ್ಬುಮಿನ್ ಇಳಿದಿರುವುದು ಊಟ ಕಡಿಮೆ ಆಗಿ ಮಾತ್ರ ಅಲ್ಲ, ಒಳಗೆ ಕೀವು, ಉರಿಯೂತ ಇರುವುದರಿಂದ ಕೂಡ. ಅದು ಆರಿದರೆ ಅಂಕಿ ತಾನಾಗಿ ಏರುತ್ತದೆ. ಕನ್ನಡಿ ಒರೆಸಿದರೆ ಮುಖದ ಮಸಿ ಹೋಗುತ್ತದಾ?

ಇನ್ನು ಪಕ್ಕದ ಮನೆಯವರು ಹೇಳಿದ ಇನ್‌ಫ್ಲಿಕ್ಸಿಮ್ಯಾಬ್. ಈ ಹೆದರಿಕೆ ಡಾಕ್ಟರುಗಳಿಗೂ ಇತ್ತು, ವರ್ಷಗಟ್ಟಲೆ ಜಗಳವಾಡಿದ್ದೇವೆ. 2022ರಲ್ಲಿ ಪ್ರಕಟವಾದ ಪುಚ್ಚೀನಿ ಎಂಬ ಅಮೆರಿಕದ ಅಧ್ಯಯನದಲ್ಲಿ 17 ಆಸ್ಪತ್ರೆಗಳ 947 ರೋಗಿಗಳನ್ನು ನೋಡಿದರು. ಆಪರೇಷನ್ನಿಗೆ ಮುಂಚಿನ 12 ವಾರದಲ್ಲಿ ಈ ಗುಂಪಿನ ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ 18 ಜನರಿಗೆ ಏನಾದರೊಂದು ಸೋಂಕು ಆಗಿತ್ತು. ತೆಗೆದುಕೊಳ್ಳದವರಲ್ಲಿ 20. ಅಂದರೆ ಔಷಧಿಯಿಂದ ವ್ಯತ್ಯಾಸ ಕಾಣಲಿಲ್ಲ. ಸ್ಟಿರಾಯ್ಡ್ ತೆಗೆದುಕೊಂಡವರು, ಸಿಗರೇಟು ಸೇದುವವರು, ಮೊದಲೇ ಒಮ್ಮೆ ಕರುಳು ಕತ್ತರಿಸಿಕೊಂಡವರು, ಇವರಿಗೆ ಸೋಂಕು ಜಾಸ್ತಿ ಆಗಿತ್ತು. ಹಾಗಾಗಿ ಹಿಂದೆ ತೆಗೆದುಕೊಂಡ ಡ್ರಿಪ್ ಬಗ್ಗೆ ಪಶ್ಚಾತ್ತಾಪ ಬೇಡ. ಆದರೆ ಒಳಗೆ ಕೀವು ಇರುವಾಗ ಮುಂದಿನ ಡ್ರಿಪ್ ತಡೆದು ಇಡುವುದು ಸರಿಯಾದ ಕ್ರಮ. ಮತ್ತೆ ಯಾವಾಗ ಎಂಬುದನ್ನು ಗಾಯ ಮಾಗಿದ ಮೇಲೆ ನೋಡುತ್ತಾರೆ. ನಿಮ್ಮ ತಮ್ಮ ಸೇದುತ್ತಾರಾ ಎಂದು ನೀವು ಬರೆದಿಲ್ಲ. ಸೇದುವುದಾದರೆ ಇವತ್ತೇ ಕೊನೆ. ಕ್ರೋನ್ಸ್ ಮತ್ತೆ ಬರಲು ಕೂಡ ಅದೇ ದೊಡ್ಡ ಕಾರಣ.

ಟಿಬಿ ಮಾತ್ರೆ ಕೊಟ್ಟದ್ದಕ್ಕೆ ಹಳೆಯ ಡಾಕ್ಟರನ್ನು ಬೈಯಬೇಡಿ. ನ್ಯೂಯಾರ್ಕಿನ ಕ್ರೋನ್ ಮತ್ತು ಜೊತೆಗಾರರು 1932ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಕರುಳಿನ ಟಿಬಿ ಬಂದು ಕೂರುವುದೂ ಅಲ್ಲೇ. ದುರ್ಬೀನಿನಲ್ಲಿ ನೋಡಿದರೂ, ಚೂರು ತೆಗೆದು ಪರೀಕ್ಷಿಸಿದರೂ ಎಷ್ಟೋ ಸಲ ಎರಡನ್ನು ಬೇರೆ ಮಾಡಲು ಆಗುವುದಿಲ್ಲ. ಆದರೆ ಸ್ಟಿರಾಯ್ಡ್, ಇನ್‌ಫ್ಲಿಕ್ಸಿಮ್ಯಾಬ್ ಎರಡೂ ಮಲಗಿದ್ದ ಟಿಬಿಯನ್ನು ಎಬ್ಬಿಸಬಲ್ಲವು. ಸಂಜೆ ಜ್ವರ, ಕೆಮ್ಮು ಇದ್ದರೆ ಆಪರೇಷನ್ನಿಗೆ ಮುಂಚೆಯೇ ಹೇಳಿ. ತೆಗೆದ ಕರುಳನ್ನು ಲ್ಯಾಬಿಗೆ ಕಳಿಸಿದ್ದಾರಾ ಎಂದೂ ಕೇಳಿ.

ಚೀಲದ ಬಗ್ಗೆ. ಇದನ್ನು ಕೇಳಿದ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ, ಗೊತ್ತು. ಹೆಚ್ಚಿನವರಿಗೆ ಇದು ಕೆಲವು ತಿಂಗಳ ಮಾತು. ಕರುಳಿನ ಸ್ಥಿತಿ ಚೆನ್ನಾಗಿಲ್ಲದಿದ್ದರೆ ಸೇರಿಸಿದ ಜಾಗದ ಮೇಲೆ ಭಾರ ಬೀಳದ ಹಾಗೆ ಮಲವನ್ನು ಹೊರಗೆ ತಿರುಗಿಸುತ್ತೇವೆ, ಇಲ್ಲವೇ ಸೇರಿಸುವುದನ್ನೇ ಮುಂದಕ್ಕೆ ಹಾಕುತ್ತೇವೆ. ಬೇಕೋ ಬೇಡವೋ ಎಂಬ ಕೊನೆಯ ತೀರ್ಮಾನ ಹೊಟ್ಟೆ ತೆರೆದ ಮೇಲೆಯೇ. ಆರು ವಾರ ಚೆನ್ನಾಗಿ ಕಳೆದರೆ ಚೀಲ ತಪ್ಪುವ ಸಾಧ್ಯತೆ ಹೆಚ್ಚು. ಆದರೂ ಮುಂಚಿನ ದಿನ ಜಾಗ ಗುರುತು ಮಾಡಿಸಿಕೊಳ್ಳಿ. ನಿಮ್ಮ ತಮ್ಮನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಪ್ಯಾಂಟ್ ಬೆಲ್ಟ್ ಎಲ್ಲಿ ಬರುತ್ತದೆ, ಲುಂಗಿ ಎಲ್ಲಿ ಕಟ್ಟುತ್ತಾರೆ ಎಂದು ನೋಡಿ ಗುರುತು ಹಾಕಬೇಕು. ಮಲಗಿದವರ ಹೊಟ್ಟೆಯ ಮೇಲೆ ಅಂದಾಜಿಗೆ ಹಾಕಿದ ಗುರುತು, ಎದ್ದು ನಿಂತಾಗ ಮಡಿಕೆಯೊಳಗೆ ಸೇರಿಕೊಂಡು ಚೀಲ ಅಂಟುವುದೇ ಇಲ್ಲ.

ಆಪರೇಷನ್ ದಿನದ ವಿಷಯ ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ಆಂಟಿಬಯೋಟಿಕ್ ಇಂಜೆಕ್ಷನ್ ಚರ್ಮ ಕತ್ತರಿಸುವ ಮುಂಚಿನ ಒಂದು ಗಂಟೆಯೊಳಗೆ ಹೋಗಬೇಕು. ಸಾಧ್ಯವಾದಲ್ಲಿ ದುರ್ಬೀನಿನ ಆಪರೇಷನ್ ಮಾಡಿದರೆ ಗಾಯ ಸಣ್ಣದು, ಕೀವೂ ಕಡಿಮೆ. ನೀವು ಮಾಡಬೇಕಾದದ್ದು ಒಂದೇ: ಮನೆಯಲ್ಲಿ ಬ್ಲೇಡಿನಿಂದ ಹೊಟ್ಟೆ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಸೇರುತ್ತವೆ. ಕೂದಲು ತೆಗೆಯಲೇಬೇಕಿದ್ದರೆ ಅವರು ಕ್ಲಿಪ್ಪರಿನಿಂದ ತೆಗೆಯುತ್ತಾರೆ.

ಆಮೇಲಿನ ಮೂರನೇ ದಿನದಿಂದ ಏಳೆಂಟನೇ ದಿನದವರೆಗೆ ನಾವು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತೇವೆ. ಸೋರುವುದಿದ್ದರೆ ಹೆಚ್ಚಾಗಿ ಆಗಲೇ. ಸಿಆರ್‌ಪಿ ಎಂಬ, ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ ಮೂರನೇ-ನಾಲ್ಕನೇ ದಿನ ಇಳಿಯುವ ಬದಲು 150ರ ಮೇಲೆ ನಿಂತರೆ ಸಂಶಯ ಬರುತ್ತದೆ, ಸಿಟಿ ಮಾಡಿಸುತ್ತೇವೆ.

ಮನೆಗೆ ಬಂದ ಮೇಲೆ ಜ್ವರವನ್ನೇ ನಂಬಿಕೊಂಡು ಕೂರಬೇಡಿ. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಒಳಗೆ ಕೀವಿದ್ದರೂ ಜ್ವರ ಏರದೇ ಇರಬಹುದು, ಹೊಟ್ಟೆ ಮುಟ್ಟಿದರೆ ನೋವೂ ಅಷ್ಟಾಗಿ ಗೊತ್ತಾಗದು. ನಾಡಿ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಬೆಳಗ್ಗೆ ಸಂಜೆ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ನೆ ಮಲಗಿರುವಾಗಲೂ 100ರ ಮೇಲೆ ಇದ್ದು, ಜೊತೆಗೆ 99.5 ಜ್ವರ, ಊಟ ಬೇಡ ಎನ್ನುವುದು, ಹೊಟ್ಟೆ ಉಬ್ಬುವುದು, ಬಿಕ್ಕಳಿಕೆ, ಇವುಗಳಲ್ಲಿ ಯಾವುದೇ ಇದ್ದರೂ ಫೋನ್ ಮಾಡಿ. 100.4 ದಾಟಿದರೆ ಬೇರೇನೂ ಇಲ್ಲದಿದ್ದರೂ ಮಾಡಿ. "ನಿನ್ನೆಯಷ್ಟು ಚೆನ್ನಾಗಿಲ್ಲ, ಏನೋ ಸರಿ ಇಲ್ಲ" ಎಂದು ನಿಮಗೆ ಅನಿಸಿದರೆ ಅದನ್ನೂ ಹೇಳಿ. ನಾನು ಅದಕ್ಕೆ ಬೆಲೆ ಕೊಡುತ್ತೇನೆ.

ಗಾಯದ ಸುತ್ತ ಒಂದಿಷ್ಟು ಕೆಂಪು ಎಲ್ಲರಿಗೂ ಇರುತ್ತದೆ. ಅದು ಹಬ್ಬುತ್ತಿದೆಯಾ ಎಂಬುದು ಮುಖ್ಯ. ಬಾಲ್‌ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ಹೊತ್ತು ಬರೆದಿಡಿ. ಸಂಜೆಗೆ ಕೆಂಪು ಗೆರೆ ದಾಟಿದ್ದರೆ, ಮುಟ್ಟಿದರೆ ಬಿಸಿ ಮತ್ತು ಗಟ್ಟಿ ಇದ್ದರೆ, ಬಟ್ಟೆಗೆ ಹಳದಿ ಕಲೆ ಆದರೆ ತೋರಿಸಿ. ಈ ಎಚ್ಚರ 30 ದಿನ ಇರಲಿ. ಒಂದು ಕಾಲು ಮಾತ್ರ ಊದಿದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಈ ಕಾಯಿಲೆಯವರಿಗೆ ಅದು ಜಾಸ್ತಿ. ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಮನೆಯಲ್ಲೂ ಮುಂದುವರಿಸಿ ಎಂದಿದ್ದರೆ ತಪ್ಪಿಸಬೇಡಿ. ಭೇದಿ ಹೆಚ್ಚಾದರೆ ಮೆಡಿಕಲ್ ಅಂಗಡಿಯಿಂದ ಭೇದಿ ಕಟ್ಟುವ ಮಾತ್ರೆ ತಂದು ಕೊಡಬೇಡಿ. ಆಂಟಿಬಯೋಟಿಕ್ ಆದ ಮೇಲೆ ಬರುವ ಸಿ. ಡಿಫಿಸಿಲ್ ಸೋಂಕು ಇರಬಹುದು, ಮಲ ಪರೀಕ್ಷೆ ಬೇಕು.

ಇನ್ನೊಂದು ಮುಂಬೈ ಮಾತು. ಈಗ ಮೇ ಮಧ್ಯ, ಆರು ವಾರ ಎಂದರೆ ಜೂನ್ ಕೊನೆ. ಮಳೆಗಾಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಮೇಲೆ ಇಲಿಜ್ವರ ಎಷ್ಟು ಹರಡಿತು ಎಂಬುದು ಇಲ್ಲಿದ್ದವರಿಗೆ ನೆನಪಿದೆ. ಹಸಿ ಗಾಯ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಎರಡೂ ಇರುವವರು ಸ್ಟೇಷನ್ ಹೊರಗಿನ ಮೊಣಕಾಲುದ್ದ ನೀರಿನಲ್ಲಿ ನಡೆಯಬಾರದು. ತಪ್ಪದೇ ನಡೆಯಬೇಕಾಗಿ ಬಂದರೆ 72 ಗಂಟೆಯೊಳಗೆ ಡಾಕ್ಟರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ತೆಗೆದುಕೊಳ್ಳಲಿ. ಫಾಲೋಅಪ್‌ಗೆ ಬೆಳಗಿನ ಫಾಸ್ಟ್ ಲೋಕಲ್ ಬೇಡ. ಸೋಂಕಿಗಿಂತ ಡೊಂಬಿವಲಿಯ ತಳ್ಳಾಟದಲ್ಲಿ ಹೊಟ್ಟೆಗೆ ಮೊಣಕೈ ಬೀಳುವ ಹೆದರಿಕೆ ನನಗೆ.

ಈ ಆರು ವಾರದ ನಡುವೆ ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಚಳಿ ನಡುಕದ ಜ್ವರ ಬಂದರೆ ಕಾಯುವ ಮಾತು ಅಲ್ಲಿಗೆ ಮುಗಿಯಿತು. ರಾತ್ರಿಯಾದರೂ ನೇರ ಆಸ್ಪತ್ರೆಗೆ ಹೋಗಿ.

ಅಮ್ಮನಿಗೆ ಏನು ಹೇಳುವುದು? ಜೂನ್ ಕೊನೆಗೆ ಆಪರೇಷನ್ ಆಗಿ ಎಲ್ಲ ಸರಿ ಇದ್ದರೆ ಚೌತಿಯ ಹೊತ್ತಿಗೆ ಎರಡು ತಿಂಗಳಾದರೂ ಆಗಿರುತ್ತದೆ. ಡಾಕ್ಟರು ಹೂಂ ಎಂದರೆ ಹೋಗಿಬನ್ನಿ. ಬಸ್ಸಿನ ಕುಲುಕಾಟಕ್ಕಿಂತ ಮತ್ಸ್ಯಗಂಧ ಒಳ್ಳೆಯದು, ಠಾಣೆಯಲ್ಲಿ ಹತ್ತಿ ಕುಂದಾಪುರದಲ್ಲಿ ಇಳಿಯಬಹುದು. ಕೆಳಗಿನ ಬರ್ತ್ ನೋಡಿ. ಸೂಟ್‌ಕೇಸ್ ನಿಮ್ಮ ತಮ್ಮ ಎತ್ತುವುದು ಬೇಡ. ಡಿಸ್ಚಾರ್ಜ್ ಕಾಗದದ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ಚೀಲ ಇನ್ನೂ ಇದ್ದರೆ ಎರಡು-ಮೂರು ಹೆಚ್ಚುವರಿ ಚೀಲ, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಚೀಲಕ್ಕೆ ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ಹೋದರೆ ದೇಹದ ಉಪ್ಪು ಖಾಲಿಯಾಗುತ್ತದೆ. ಊರಿನಲ್ಲಿ ಎಲ್ಲರೂ ಎಳನೀರು ಕೊಡುತ್ತಾರೆ, ಅದರಲ್ಲಿ ಸೋಡಿಯಂ ಕಡಿಮೆ. ಒಂದು ಕುಡಿಯಲಿ, ಬೇಡ ಎನ್ನುವುದಿಲ್ಲ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಪಂಚಕಜ್ಜಾಯದಲ್ಲಿ ಕಡಲೆ, ಎಳ್ಳು, ಕೊಬ್ಬರಿ ಎಲ್ಲ ಇರುತ್ತದೆ. ಹೊಸದಾಗಿ ಹೊಲಿದ ಕರುಳಿಗೆ ಈ ವರ್ಷ ಒಂದು ಚಿಟಿಕೆ ಪ್ರಸಾದ ಸಾಕು. ಕಡುಬಿಗೆ ನನ್ನ ಅಡ್ಡಿ ಇಲ್ಲ.